ಇಬ್ಬರು ಕೂರುವ ಕಾರು

ದುರ್ಗಿಗುಡಿಯ ಜವಳಿ ವ್ಯಾಪಾರಿ ಷಣ್ಮುಖಪ್ಪನಿಗೆ ಕಾರಿನ ಹುಚ್ಚು ಹಿಡಿದದ್ದು ಭದ್ರಾವತಿಯ ರೈಲ್ವೆ ಗೇಟಿನ ಹತ್ತಿರ. ಅದಕ್ಕೆ ಮೊದಲು ಅವನಿಗೆ ಯಾವ ಹುಚ್ಚೂ ಇರಲಿಲ್ಲ. ನಶ್ಯವಿಲ್ಲ, ಇಸ್ಪೀಟಿಲ್ಲ, ನಾಟಕದ ಕಂಪನಿ ಊರಿಗೆ ಬಂದರೆ ಓಡಿಹೋಗಿ ಮುಂದಿನ ಸಾಲಿನಲ್ಲಿ ಕೂರುವ ಚಪಲವೂ ಇಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ರೊಟ್ಟಿ ತಿಂದು, ಕೊಡೆ ಹಿಡಿದು ಅಂಗಡಿಗೆ ಹೋದರೆ, ದೀಪ ಹಚ್ಚುವ ಹೊತ್ತಿಗೆ ಅದೇ ಕೊಡೆ ಹಿಡಿದು ಮನೆಗೆ ಬರುತ್ತಿದ್ದ. ಮಳೆಯಿದ್ದರೂ ಕೊಡೆ, ಬಿಸಿಲಿದ್ದರೂ ಕೊಡೆ, ಎರಡೂ ಇಲ್ಲದಿದ್ದರೂ ಕೊಡೆ. ಇಂಥ ಮನುಷ್ಯನ ತಲೆ ಕೆಡಿಸಿದ ಕಾರು ಸಾಮಾನ್ಯದ್ದಾಗಿರಲಾರದು ಎಂದು ನೀವು ಊಹಿಸಬಹುದು.

ಕಾರು ಸಾಮಾನ್ಯದ್ದೇ. ಅದರೊಳಗೆ ಕೂತವರು ಕೂತಿದ್ದ ರೀತಿ ಸಾಮಾನ್ಯವಾಗಿರಲಿಲ್ಲ.

ನೆಂಟರ ಮನೆಯ ಮದುವೆಗೆಂದು ಷಣ್ಮುಖಪ್ಪ, ಅವನ ತಾಯಿ ಮಹಾಂತಮ್ಮ, ಹೆಂಡತಿ ದಾಕ್ಷಾಯಣಿ ಮೂವರೂ ಶಿವಮೊಗ್ಗದಿಂದ ರೈಲಿನಲ್ಲಿ ಬಂದಿಳಿದಿದ್ದರು. ಮೂವರೂ ಎಂದು ಹೇಳಿದೆನೇ ಹೊರತು ಒಟ್ಟಿಗೆ ಎಂದು ಹೇಳಲಿಲ್ಲ. ಅವನು ಗಂಡಸರ ಡಬ್ಬಿ, ಅವರು ಹೆಂಗಸರ ಡಬ್ಬಿ. ಇಳಿದು ನಡೆಯುವಾಗಲೂ ಮುಂದೆ ಕೊಡೆ, ಕೊಡೆಯ ಕೆಳಗೆ ಷಣ್ಮುಖಪ್ಪ, ಹಿಂದೆ ಮಹಾಂತಮ್ಮ, ಅವರ ಹಿಂದೆ ಬಟ್ಟೆಯ ಗಂಟು ಹೊತ್ತ ದಾಕ್ಷಾಯಣಿ. ಗೇಟು ಹಾಕಿತ್ತು. ಕಬ್ಬಿಣದ ಕಾರ್ಖಾನೆಯ ಯಾರೋ ಇಂಜಿನಿಯರು ತನ್ನ ಪುಟ್ಟ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದ. ಅವನ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ, ಅವನ ಹೆಂಡತಿ. ಆಕೆ ಕಿತ್ತಳೆ ಬಿಡಿಸಿ ಒಂದೊಂದೇ ತೊಳೆಯನ್ನು ಅವನ ಕೈಗೆ ಕೊಡುತ್ತಿದ್ದಳು. ಅವನು ತಿನ್ನುತ್ತ ಏನೋ ಹೇಳುತ್ತಿದ್ದ. ಆಕೆ ನಗುತ್ತಿದ್ದಳು. ಸುತ್ತ ಅಷ್ಟು ಜನ ನಿಂತಿದ್ದರೂ ಅವರಿಗೆ ಯಾರೂ ಇದ್ದಂತಿರಲಿಲ್ಲ.

ಷಣ್ಮುಖಪ್ಪ ಹಿಂದಿರುಗಿ ನೋಡಿದ. ದಾಕ್ಷಾಯಣಿಯೂ ಆ ಕಾರನ್ನೇ ನೋಡುತ್ತಿದ್ದಳು. ಗಂಡ ನೋಡಿದ್ದು ಕಂಡು ಗಂಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿ ನೆಲ ನೋಡಿದಳು. ಗೇಟು ತೆರೆಯಿತು, ಕಾರು ಹೋಯಿತು. ನಡೆದದ್ದು ಇಷ್ಟೇ.

ಆದರೆ ಮದುವೆಮನೆಯ ಚಪ್ಪರದಲ್ಲಿ ಕೂತ ಷಣ್ಮುಖಪ್ಪನಿಗೆ ಭಯಂಕರವಾದ ಒಂದು ವಿಚಾರ ಹೊಳೆಯಿತು. ತಾನು ಇಷ್ಟು ವರ್ಷದಲ್ಲಿ ಹೆಂಡತಿಯ ಪಕ್ಕದಲ್ಲಿ ಕೂತೇ ಇಲ್ಲ! ಹಸೆಮಣೆಯ ಮೇಲೆ ಕೂತದ್ದು ನಿಜ. ಆಗ ಹೊಗೆ ತುಂಬಿ ಕಣ್ಣು ಬಿಡಲಾಗಿರಲಿಲ್ಲ. ಆಮೇಲೆ? ಎತ್ತಿನ ಗಾಡಿಯಲ್ಲಿ ಅವನು ಮುಂದೆ, ಅವಳು ಹಿಂದೆ. ಬಸ್ಸಿನಲ್ಲಿ ಅವಳು ಮುಂದೆ, ಅವನು ಹಿಂದೆ. ಮಠದಲ್ಲಿ ಆ ಸಾಲು, ಈ ಸಾಲು. ಮನೆಯಲ್ಲಿ ಕೂರೋಣವೆಂದರೆ ಪಡಸಾಲೆಯ ನಟ್ಟನಡುವೆ ಮಹಾಂತಮ್ಮನ ಮಂಚ, ಮಂಚದ ಮೇಲೆ ಮಹಾಂತಮ್ಮ. ಮಕ್ಕಳಾಗಿದ್ದರೆ ಮಕ್ಕಳ ನೆಪದಲ್ಲಾದರೂ ಒಂದೆಡೆ ಕೂರಬಹುದಿತ್ತು, ಅದೂ ಆಗಲಿಲ್ಲ. ಗಂಡಹೆಂಡಿರು ಹಗಲು ಹೊತ್ತಿನಲ್ಲಿ ಮಾನವಾಗಿ ಪಕ್ಕಪಕ್ಕ ಕೂರಬಹುದಾದ ಜಾಗ ಮೈಸೂರು ಸಂಸ್ಥಾನದಲ್ಲಿ ಒಂದೇ ಒಂದಿದೆ, ಅದು ಕಾರು.

ಎಲೆಯ ಮೇಲೆ ಹೋಳಿಗೆ ಹಾಗೇ ಇತ್ತು. ಪಕ್ಕದ ಎಲೆಗೆ ಕೂತಿದ್ದ ಸುಬ್ಬಪ್ಪ ಅದನ್ನು ಗಮನಿಸಿದ. ಸುಬ್ಬಪ್ಪ ದುರ್ಗಿಗುಡಿಯಲ್ಲಿ ಷಣ್ಮುಖಪ್ಪನ ನೆರೆಮನೆಯವನು. ಕೋರ್ಟಿನಲ್ಲಿ ಶಿರಸ್ತೇದಾರನಾಗಿದ್ದು ನಿವೃತ್ತನಾದವನು. ಕೋರ್ಟು ಅವನನ್ನು ಬಿಟ್ಟಿತ್ತು, ಅವನು ಕೋರ್ಟನ್ನು ಬಿಟ್ಟಿರಲಿಲ್ಲ.

"ಯಾಕೆ ಮಾರಾಯ, ಹೋಳಿಗೆ ಮುಟ್ಟಿಲ್ಲ?"

"ಏನಿಲ್ಲ. ಒಂದು ಕಾರು ತಗೊಳ್ಳೋಣ ಅಂತ ಯೋಚನೆ ಮಾಡ್ತಿದ್ದೆ."

ಬಾಯಿ ಜಾರಿತು. ಮಜ್ಜಿಗೆ ಬಡಿಸುವ ಹೊತ್ತಿಗೆ ಪಂಕ್ತಿಯ ಕೊನೆಯವರೆಗೂ ಸುದ್ದಿ ಮುಟ್ಟಿತ್ತು. ಸಂಜೆಯ ರೈಲು ಶಿವಮೊಗ್ಗ ಸೇರುವ ಮೊದಲೇ ಸುದ್ದಿ ಅಲ್ಲಿ ಇಳಿದು ಕಾಯುತ್ತಿತ್ತು.

ಮಾರನೆಯ ಬೆಳಿಗ್ಗೆಯೇ ಸುಬ್ಬಪ್ಪ ಬಂದು ಜಗಲಿಯ ಮೇಲೆ ವಿಚಾರಣೆ ಪ್ರಾರಂಭಿಸಿದ.

"ನೋಡು, ಕಂಪನಿ ಆಮೇಲೆ. ಮೊದಲು ಅಗತ್ಯ ಏನು ಅಂತ ತೀರ್ಮಾನ ಆಗಬೇಕು. ದಿನಾ ಎಲ್ಲಿಗೆ ಹೋಗ್ತೀಯ?"

"ಅಂಗಡಿಗೆ."

"ಅಂಗಡಿ ಎಲ್ಲಿದೆ?"

"ನಿಮಗೇ ಗೊತ್ತಲ್ಲ, ಪಕ್ಕದ ಓಣೀಲಿ."

"ನನಗೆ ಗೊತ್ತಿದ್ರೆ ಆಗಲಿಲ್ಲ, ಸಾಕ್ಷಿ ಬಾಯಿಂದ ಬರಬೇಕು. ಆ ಓಣಿಗೆ ಕಾರು ಹೋಗುತ್ತೋ?"

"ಇಲ್ಲ. ಕೈಗಾಡಿ ಹೋಗೋದೇ ಕಷ್ಟ."

"ಹಾಗಾದ್ರೆ ಕಾರಲ್ಲಿ ಎಲ್ಲಿಗೆ ಹೋಗೋನು ನೀನು?"

"ಸುಮ್ನೆ... ಹೋಗೋದು."

"ಸುಮ್ನೆ ಎಲ್ಲಿಗೆ?"

"ಎಲ್ಲಿಗಾದ್ರೂ."

ಸುಬ್ಬಪ್ಪ ಕನ್ನಡಕ ತೆಗೆದು ಒರೆಸಿದ. ಮುಚ್ಚಿಡುತ್ತಿರುವ ಸಾಕ್ಷಿಯನ್ನು ಅವನು ಇಂದು ನಿನ್ನೆ ನೋಡಿದವನಲ್ಲ.

ಅಗತ್ಯ ಏನೆಂದು ಷಣ್ಮುಖಪ್ಪ ಹೇಳದೆ ಹೋದದ್ದರಿಂದ ಅದನ್ನು ಪೂರೈಸುವ ಹೊಣೆಯನ್ನು ಊರೇ ಹೊತ್ತುಕೊಂಡಿತು. ಶೇಕದಾರ ಹಿರಿಯಣ್ಣ, ಹಳ್ಳಿಹಳ್ಳಿಗೆ ಸರ್ಕಾರದ ಕಂದಾಯಕ್ಕಾಗಿ ಕುದುರೆಯ ಮೇಲೆ ತಿರುಗಿ ಸೊಂಟ ಸೋತವನು, ಅಂಗಡಿಯ ಗಾದಿಯ ಮೇಲೆ ಕೂತು ಖಡಾಖಂಡಿತವಾಗಿ ಹೇಳಿದ: "ಫೋರ್ಡ್ ತಗೊಳ್ರಿ ಸಾಹುಕಾರ್ರೆ. ಫೋರ್ಡ್ ಅಂದ್ರೆ ಎಮ್ಮೆ ಇದ್ದ ಹಾಗೆ. ಹಳ್ಳಕ್ಕೆ ಇಳಿ ಅಂದ್ರೆ ಇಳಿಯುತ್ತೆ, ದಿಣ್ಣೆ ಹತ್ತು ಅಂದ್ರೆ ಹತ್ತುತ್ತೆ. ನಾನು ಜಮಾಬಂದಿಗೆ ಹೋಗುವಾಗ... ಅಂದ್ರೆ, ನೀವು ಎಲ್ಲಿಗಾದ್ರೂ ಹೋಗುವಾಗ ಅನುಕೂಲ." ಸುಬ್ಬಪ್ಪನಿಗೆ ಮಂಡಿನೋವು; ಕಾಲು ಹೆಚ್ಚು ಎತ್ತದೆ ಹತ್ತುವುದಕ್ಕೆ ಶೆವರ್ಲೆಯೇ ಸರಿ ಎಂದು ತೀರ್ಪು ಕೊಟ್ಟ. ಮಹಾಂತಮ್ಮನಿಗೆ ಕಂಪನಿಗಳ ಗೊಡವೆಯೇ ಇರಲಿಲ್ಲ. "ಯಾವ್ದಾದ್ರೂ ತಗೋ. ಮಠದಿಂದ ಅಯ್ನೋರನ್ನ ಕರ್ಕೊಂಡು ಬರುವಾಗ ಅವರು ಕಾಲು ಚಾಚಿ ಕೂರುವಂಗಿರಬೇಕು. ಅವರ ಪಕ್ಕ ನಾನು. ನನ್ನ ಎದುರಿಗೆ ಹಣ್ಣಿನ ಬುಟ್ಟಿ" ಎಂದರು.

ಅಭಿಪ್ರಾಯ ಹೇಳದಿದ್ದವಳು ಒಬ್ಬಳೇ. ರಾತ್ರಿಯ ಊಟಕ್ಕೆ ಕೂತಾಗ ಷಣ್ಮುಖಪ್ಪ ಎದೆ ಗಟ್ಟಿಮಾಡಿಕೊಂಡು, ತಟ್ಟೆಗೆ ಹೇಳಿದಂತೆ ಕೇಳಿದ: "ನಿನಗೆ ಯಾವ ಥರದ್ದು ಆಗಬಹುದು?"

"ಅವಳಿಗೇನು ಗೊತ್ತು ಕಾರು!" ಎಂದಿತು ಪಡಸಾಲೆಯ ಮಂಚ.

"ಅನ್ನ ಹಾಕ್ಲಾ?" ಎಂದಳು ದಾಕ್ಷಾಯಣಿ.

ಭದ್ರಾವತಿಯ ಕಲ್ಲಪ್ಪ ಬಂದದ್ದು ಆಗ. ಕಾರ್ಖಾನೆಯ ಸಾಹೇಬರೊಬ್ಬರಿಗೆ ಡ್ರೈವರಾಗಿದ್ದು, ವರ್ಗವಾಗಿ ಹೋಗುವ ಅಧಿಕಾರಿಗಳ ಕಾರುಗಳನ್ನು ಮಾರಿಸಿಕೊಡುವ ದಲ್ಲಾಳಿಯಾಗಿ ಬಡ್ತಿ ಪಡೆದವನು. ದಪ್ಪ ಮೀಸೆ, ಖಾಕಿ ಕೋಟು. "ಗಾಡಿ ಬಗ್ಗೆ ನಾನು ಮಾತಾಡಲ್ಲ ಸಾಹುಕಾರ್ರೆ, ಗಾಡೀನೇ ಮಾತಾಡುತ್ತೆ" ಎಂದು ಮೊದಲು ಮಾಡಿದರೆ, ಗಾಡಿಗೆ ಒಂದು ಮಾತಾಡಲೂ ಅವಕಾಶ ಕೊಡುತ್ತಿರಲಿಲ್ಲ.

ಅವನು ಮೊದಲು ತಂದದ್ದು ದೊಡ್ಡ ಫೋರ್ಡು. ತುಂಗೆಯ ಸೇತುವೆಯವರೆಗೆ ಹೋಗಿ ಬರೋಣವೆಂದು ನಿಶ್ಚಯವಾಯಿತು. ಮಹಾಂತಮ್ಮ ಹತ್ತಿದರು. ಅವರ ಜೊತೆಗೆ ಸುಬ್ಬಪ್ಪನ ಹೆಂಡತಿ ಹತ್ತಿದಳು. ಮಂಡಿ ಎಷ್ಟು ಮಡಚುತ್ತದೆಂದು ನೋಡಲು ಸುಬ್ಬಪ್ಪ, ಸರ್ಕಾರದ ಪರವಾಗಿ ಹಿರಿಯಣ್ಣ. ದಾಕ್ಷಾಯಣಿಯನ್ನು ಎರಡು ಹೆಂಗಸರ ಮಧ್ಯೆ ಮೂಟೆಯಂತೆ ತುರುಕಿದರು. ಕಾರು ಹೊರಟೇ ಹೋಯಿತು. ಕೊಳ್ಳುವವನು ಬೀದಿಯಲ್ಲಿ ಕೊಡೆ ಹಿಡಿದು ನಿಂತಿದ್ದ. ಹಿಂದಿನ ಕಿಟಕಿಯಲ್ಲಿ ದಾಕ್ಷಾಯಣಿಯ ಮುಖ ಒಂದು ಗಳಿಗೆ ಇತ್ತ ತಿರುಗಿದ್ದು ಮಾತ್ರ ಅವನಿಗೆ ಕಂಡಿತು.

"ಹೇಗಿದೆ?" ಎಂದು ಬಂದವರನ್ನು ಕೇಳಿದ.

"ಜಬರ್ದಸ್ತಾಗಿದೆ!" ಎಂದರು ಎಲ್ಲರೂ.

"ದೊಡ್ಡದಾಯ್ತು. ಇನ್ನೂ ಸಣ್ಣದು ಬೇಕು" ಎಂದ ಷಣ್ಮುಖಪ್ಪ.

ಮುಂದಿನ ಸಲ ಕಲ್ಲಪ್ಪ ಬೇಬಿ ಆಸ್ಟಿನ್ ತಂದ. ನೋಡಲು ಬೆಲ್ಲದ ಅಚ್ಚಿನಂತೆ ಮುದ್ದಾಗಿತ್ತು. ಷಣ್ಮುಖಪ್ಪ ಈ ಸಲ ಎಚ್ಚರವಾಗಿದ್ದು, ಎಲ್ಲರಿಗಿಂತ ಮೊದಲು ಹಿಂದಿನ ಸೀಟಿನಲ್ಲಿ ಹೋಗಿ ಕೂತ. ಬಾಗಿಲು ತೆರೆಯಿತು. ಪಕ್ಕದಲ್ಲಿ ಸೀರೆಯ ಸರಬರ ಸದ್ದಾಯಿತು. ತಿರುಗಿ ನೋಡಿದರೆ ಅವ್ವ.

"ಚಿಕ್ಕದಾದ್ರೂ ಹಾಯಾಗಿದೆ ಕಣೋ" ಎಂದರು ಮಹಾಂತಮ್ಮ. ದಾಕ್ಷಾಯಣಿ ಬಾಗಿಲಲ್ಲಿ ನಿಂತು ಟಾಟಾ ಮಾಡಲೂ ತಿಳಿಯದೆ ಸೆರಗಿನ ತುದಿ ಸುತ್ತುತ್ತಿದ್ದಳು.

ಆ ಸಂಜೆ ಷಣ್ಮುಖಪ್ಪ ಕಲ್ಲಪ್ಪನನ್ನು ಅಂಗಡಿಯ ಹಿಂದಕ್ಕೆ ಕರೆದೊಯ್ದು, ಬಟ್ಟೆಯ ಥಾನುಗಳ ಮರೆಯಲ್ಲಿ ಪಿಸುಗುಟ್ಟಿದ: "ಇನ್ನೂ ಸಣ್ಣದು ಇಲ್ವಾ? ಇಬ್ಬರೇ ಕೂರೋದು?"

"ಇದೆ. ಮಾರಿಸ್. ಮುಂದೆ ಎರಡೇ ಸೀಟು. ಹಿಂದೆ ಮುಚ್ಚಳ ಎತ್ತಿದ್ರೆ ಡಿಕ್ಕೀಲಿ ಒಂದು ಚೋಟುದ್ದ ಜಾಗ, ಆಳುಕಾಳು ಕೂರೋಕೆ. ಆದ್ರೆ ಒಂದು ಸೀಟು ಡ್ರೈವರಿಗೇ ಹೋಗುತ್ತಲ್ಲ?"

"ನಾನೇ ಓಡಿಸ್ತೀನಿ."

ಕಲ್ಲಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನೀವು ಒಂದು. ಮತ್ತೆ ಇನ್ನೊಂದು ಸೀಟು ಯಾರಿಗೆ ಸಾಹುಕಾರ್ರೆ?"

ಇದಕ್ಕೆ ಉತ್ತರ ನಾಲ್ಕೇ ಅಕ್ಷರ. "ಅವಳಿಗೆ" ಎಂದರೆ ಸಾಕಿತ್ತು. ಆದರೆ ಷಣ್ಮುಖಪ್ಪನಿಗೆ ನಾಚಿಕೆ ನುಗ್ಗಿ ಬಂದು, ಕಿವಿಯವರೆಗೂ ಕೆಂಪಾಗಿ, ಮೊಳಕೋಲನ್ನು ತಿರುವುತ್ತ "ಅದೆಲ್ಲ ಯಾಕೆ ಬಿಡು ಮಾರಾಯ" ಎಂದುಬಿಟ್ಟ. ಕಲ್ಲಪ್ಪ ಕಣ್ಣು ಮಿಟುಕಿಸಿದ. ಆ ಕೆಂಪು ಕಿವಿಗಳ ವರದಿ ಅವನ ಮೂಲಕ ಹಿರಿಯಣ್ಣನಿಗೆ, ಹಿರಿಯಣ್ಣನ ಮೂಲಕ ಸುಬ್ಬಪ್ಪನಿಗೆ ತಲುಪಿತು. ಸುಬ್ಬಪ್ಪ ಸಾಕ್ಷ್ಯಗಳನ್ನೆಲ್ಲ ಒಂದೆಡೆ ಇಟ್ಟು ನೋಡಿದ. ಎಲ್ಲಿಗೆಂದು ಹೇಳಲಾರ. ತಾಯಿಗೆ ಜಾಗ ಬೇಡ. ಎರಡೇ ಸೀಟು. ಮಕ್ಕಳಿಲ್ಲದ ಮನೆ. ಆರೋಪಿಯ ಮುಖದಲ್ಲಿ ನಾಚಿಕೆ. ತೀರ್ಪು ಸಿದ್ಧವಾಯಿತು: ಷಣ್ಮುಖಪ್ಪ ಎರಡನೇ ಮದುವೆ ಮಾಡಿಕೊಳ್ಳುತ್ತಾನೆ!

ಹೆಣ್ಣು ಭದ್ರಾವತಿಯ ಕಡೆಯದು ಎಂದು ಒಬ್ಬರು ಸೇರಿಸಿದರು. ಇಂಗ್ಲಿಷ್ ಓದಿದವಳು ಎಂದು ಇನ್ನೊಬ್ಬರು. ಕಾರಿಲ್ಲದೆ ತಾಳಿ ಕಟ್ಟಿಸಿಕೊಳ್ಳುವುದಿಲ್ಲವೆಂದು ಹಟ ಹಿಡಿದಿದ್ದಾಳೆ ಎಂದು ಮೂರನೆಯವರು. ಮಹಾಂತಮ್ಮನಿಗೆ ಇದು ಸಂತೋಷದ ಸುದ್ದಿಯೋ ಕೋಪದ ಸುದ್ದಿಯೋ ತೀರ್ಮಾನವಾಗದೆ, "ನನ್ನನ್ನ ಒಂದು ಮಾತು ಕೇಳಬಾರದಿತ್ತಾ" ಎಂದು ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಮಗ ಕಾರಿನ ವಿಷಯವೆಂದುಕೊಂಡು, "ನಿನಗೆ ಬೇರೆ ಗಾಡಿ ಮಾಡಿಕೊಡ್ತೀನಿ ಬಿಡವ್ವ" ಎಂದ. ಮಹಾಂತಮ್ಮ ಗೋಡೆಗೆ ಇನ್ನೂ ಹತ್ತಿರ ಸರಿದರು.

ದಾಕ್ಷಾಯಣಿಗೆ ಸುದ್ದಿ ಸಿಕ್ಕಿದ್ದು ಬೀದಿಯ ನಲ್ಲಿಯ ಹತ್ತಿರ. ಅವಳು ತುಂಬಿದ ಕೊಡವನ್ನು ತುಳುಕಿಸದೆ ಮನೆಗೆ ತಂದಳು. ಗಂಡನಿಗೆ ಬಡಿಸಿದಳು. ಆಮೇಲೆ ಪೆಟ್ಟಿಗೆಗೆ ಸೀರೆಗಳನ್ನು ಜೋಡಿಸಿಕೊಂಡು ಬಾಗಿಲಲ್ಲಿ ನಿಂತು, "ಹೊಳೆಹೊನ್ನೂರಿಗೆ ಹೋಗಿ ಬರ್ತೀನಿ" ಎಂದಳು.

ಹೊಳೆಹೊನ್ನೂರು ಅವಳ ತವರು. ಷಣ್ಮುಖಪ್ಪನ ತಲೆಯಲ್ಲಿ ದೀಪ ಹತ್ತಿತು. ಇವಳು ತವರಿಗೆ ಹೋಗಲಿ. ಅಷ್ಟರಲ್ಲಿ ತಾನು ಕಾರು ಓಡಿಸುವುದನ್ನು ಕಲಿತುಬಿಡುವುದು. ಒಂದು ದಿನ ತಾನೇ ಓಡಿಸಿಕೊಂಡು ಹೋಗಿ ಬಾಗಿಲಲ್ಲಿ ನಿಲ್ಲಿಸಿ, ಬಾ ಎನ್ನುವುದು! ಸಂತೋಷ ತಡೆಯಲಾರದೆ ಹೇಳಿದ:

"ಹೋಗು, ಹೋಗು! ಒಳ್ಳೇ ಸಮಯಕ್ಕೆ ಕೇಳಿದೆ. ಏನೂ ಅವಸರ ಇಲ್ಲ, ನಿಧಾನವಾಗಿ ಬಾ."

ದಾಕ್ಷಾಯಣಿ ಅವನ ಮುಖದ ಮೇಲಿನ ಬೆಳಕನ್ನು ನೋಡಿದಳು. ಪೆಟ್ಟಿಗೆ ಎತ್ತಿಕೊಂಡು ಹೋಗಿ ಬಸ್ಸು ಹತ್ತಿದಳು.

ಭದ್ರಾವತಿಯ ಹೊರಗಿನ ಬಯಲಿನಲ್ಲಿ ಕಲ್ಲಪ್ಪ ಆ ಮಾರಿಸ್ಸಿನಲ್ಲೇ ಪಾಠ ಶುರುಮಾಡಿದ. ದೇವರು ಮನುಷ್ಯನಿಗೆ ಎರಡೇ ಕಾಲು ಕೊಟ್ಟಿರುವಾಗ ಕಾರಿಗೆ ತುಳಿಯುವ ಪಟ್ಟಿ ಮೂರು ಯಾಕೆ ಎಂಬ ಷಣ್ಮುಖಪ್ಪನ ಪ್ರಶ್ನೆಗೆ ಸಮರ್ಪಕ ಉತ್ತರ ಸಿಗಲಿಲ್ಲ. ನಿಲ್ಲಿಸಬೇಕಾದಾಗ ಅವನು ಬ್ರೇಕು ತುಳಿಯುವ ಬದಲು "ಹೋ, ಹೋ" ಎನ್ನುತ್ತಿದ್ದ. ಎದುರಿಗೆ ಎತ್ತಿನ ಗಾಡಿ ಬಂದರೆ ತಿರುಗಿಸುವ ಚಕ್ರ ಬಿಟ್ಟು ಕೈಮುಗಿಯುತ್ತಿದ್ದ. ಒಮ್ಮೆ ಹುಲ್ಲಿನ ಬಣವೆಯ ಒಳಕ್ಕೆ ಹೋಗಿ, ಮೈಯೆಲ್ಲ ಹುಲ್ಲಾಗಿ ಹೊರಬಂದು, "ಇದು ಎಡವೋ ಬಲವೋ?" ಎಂದು ಕೇಳಿದ. ಕಲ್ಲಪ್ಪ ತನ್ನ ಮನೆದೇವರಿಗೆ ಹರಕೆ ಹೊತ್ತ.

ಇಷ್ಟು ಗದ್ದಲದ ನಡುವೆ ಒಂದು ಸಂಗತಿ ನಡೆಯಿತು. ಜವಳಿ ವ್ಯಾಪಾರಿಯ ಕೋಟಿಗೆ ದಾರದ ಎಳೆಗಳು ಅಂಟುವುದು ಸಹಜ. ದಿನವೂ ಅವನು ಹೊರಡುವಾಗ ದಾಕ್ಷಾಯಣಿ ಅಡಿಗೆಮನೆಯ ಬಾಗಿಲಿಗೆ ಬಂದು "ಬೆನ್ನ ಮೇಲೆ ಎಳೆ ಇದೆ" ಎನ್ನುತ್ತಿದ್ದಳು. ಮಂಚದ ಮೇಲೆ ಅತ್ತೆ ಇರುವಾಗ ಹತ್ತಿರ ಬಂದು ತೆಗೆಯುವಂತಿಲ್ಲ. ಅವನು ತಪ್ಪು ಭುಜ ಒರೆಸಿಕೊಳ್ಳುತ್ತಿದ್ದ. "ಆ ಕಡೆ ಅಲ್ಲ" ಎನ್ನುತ್ತಿದ್ದಳು. ಅವಳು ಹೋದ ಮೇಲೆ ಒಂದು ದಿನ ಅಂಗಡಿಗೆ ಬಂದ ಯಾವನೋ ಗಿರಾಕಿ, "ಸಾಹುಕಾರ್ರೆ, ಬೆನ್ನ ಮೇಲೆ ದಾರ" ಎಂದು ತಾನೇ ಎರಡು ಬೆರಳಲ್ಲಿ ತೆಗೆದು ಬಿಸಾಡಿದ. ಗಿರಾಕಿ ಕೇಳಿದ್ದು ಪಂಚೆ; ಅವನು ಅಳೆದು ಕೊಟ್ಟದ್ದು ಪರದೆಯ ಬಟ್ಟೆ. ಅಂಗಡಿಗೆ ಬೀಗ ಹಾಕಿ ಭದ್ರಾವತಿಗೆ ಹೊರಟ. "ಕಲ್ಲಪ್ಪ, ಕಲಿತದ್ದು ಸಾಕು. ಹೊಳೆಹೊನ್ನೂರಿಗೆ ಹೋಗೋಣ."

"ತಿರುವಿನಲ್ಲಿ ಇನ್ನೂ—"

"ತಿರುವು ಬಂದಾಗ ನೋಡ್ಕೊಳ್ಳೋಣ."

ಮುಂದಿನ ಸೀಟು ಖಾಲಿಯೇ ಇರಬೇಕೆಂದು ಷಣ್ಮುಖಪ್ಪ ಹಟ ಹಿಡಿದದ್ದರಿಂದ ಕಲ್ಲಪ್ಪ ಹಿಂದೆ ಡಿಕ್ಕಿಯಲ್ಲಿ ಮುದುಡಿ ಕೂತ. ದಾರಿಯ ಕೆಂಪು ಧೂಳೆಲ್ಲ ಅವನ ಮೇಲೆಯೇ. ತಡೆಯಲಾರದೆ, ಸೀಟು ಒರೆಸಲೆಂದು ಷಣ್ಮುಖಪ್ಪ ಅಂಗಡಿಯಿಂದ ತಂದಿದ್ದ ಕೆಂಪು ಬಟ್ಟೆಯನ್ನು ತಲೆಯ ಮೇಲಿಂದ ಗಲ್ಲದವರೆಗೆ ಹೊದ್ದುಕೊಂಡ.

ಹೊಳೆಹೊನ್ನೂರಿನಲ್ಲಿ ದಾಕ್ಷಾಯಣಿಯ ಅಣ್ಣ ಗಂಗಾಧರಪ್ಪ ಸುದ್ದಿ ತಿಳಿದು ಕುದಿಯುತ್ತಿದ್ದ. ಅಂದು ಊರ ಹಿರಿಯರನ್ನು ಜಗಲಿಗೆ ಕರೆಸಿ, ಶಿವಮೊಗ್ಗಕ್ಕೆ ನ್ಯಾಯ ಕೇಳಲು ಯಾರು ಯಾರು ಹೋಗುವುದೆಂದು ಮಾತಾಡುತ್ತಿರುವಾಗಲೇ ಬೀದಿಯ ತುದಿಯಲ್ಲಿ ಹಾರ್ನ್ ಸದ್ದು ಕೇಳಿತು. ಕಾರು ಎರಡು ಕೋಳಿ, ಒಂದು ಒನಕೆ, ಯಾರದೋ ಹಪ್ಪಳದ ಚಾಪೆ ಇಷ್ಟನ್ನು ಕೂದಲೆಳೆಯಲ್ಲಿ ತಪ್ಪಿಸಿ ಬಾಗಿಲ ಮುಂದೆ ನಿಂತಿತು. ಮುಂದೆ ಅಳಿಯ. ಹಿಂದೆ ಕೆಂಪು ಮುಸುಕು ಹೊದ್ದು, ತಲೆ ತಗ್ಗಿಸಿ ಕೂತ ಆಕೃತಿ.

"ಅಯ್ಯೋ ಶಿವನೇ, ಕರ್ಕೊಂಡೇ ಬಂದ್ನಲ್ಲೇ!" ಎಂದು ದಾಕ್ಷಾಯಣಿಯ ಚಿಕ್ಕಮ್ಮ ಜಗದಾಂಬಾ ಒಳಗಿನಿಂದ ಪೊರಕೆಯೊಂದಿಗೆ ನುಗ್ಗಿ ಬಂದಳು. "ನಮ್ಮ ಹುಡುಗಿ ಇನ್ನೂ ಬದುಕಿದಾಳೆ ಕಣೇ! ಇಳಿಯೇ ಕೆಳಗೆ!" ಎಂದು ಮುಸುಕಿನ ಮೇಲೆ ಪಟಪಟನೆ ಬಾರಿಸಿದಳು. ಮುಸುಕು ಜಾರಿತು. ಅದರೊಳಗಿನಿಂದ ಧೂಳು ಮೆತ್ತಿದ ದಪ್ಪ ಮೀಸೆ ಹೊರಬಂದು, "ನಾನು ಬರೀ ದಲ್ಲಾಳಿ ತಾಯಿ!" ಎಂದು ಕೂಗಿಕೊಂಡಿತು.

ಜಗದಾಂಬಾ ಪೊರಕೆ ಕೆಳಗಿಟ್ಟು ಸೆರಗು ಹೊದ್ದುಕೊಂಡಳು. ಹಿರಿಯರು ಕಾರಿನ ಒಳಗೆ ಬಗ್ಗಿ ನೋಡಿದರು, ಕೆಳಗೂ ನೋಡಿದರು. ಬೇರೆ ಹೆಣ್ಣು ಸಿಗಲಿಲ್ಲ.

"ಏನು ಭಾವನೋರೆ ಇದು?" ಎಂದ ಷಣ್ಮುಖಪ್ಪ, ಇಳಿಯಲೂ ಮರೆತು.

"ಅದನ್ನ ನಾವು ಕೇಳಬೇಕು. ಬನ್ನಿ ಮೇಲೆ" ಎಂದ ಗಂಗಾಧರಪ್ಪ.

ಜಗಲಿಯ ಕಂಬಕ್ಕೆ ಒರಗಿಸಿ ಅವನನ್ನು ಕೂರಿಸಿದರು. ಬಾಗಿಲ ಹಿಂದೆ ಹೆಂಗಸರ ನೆರಳುಗಳು ಒತ್ತಿ ನಿಂತವು. ಇನ್ನೊಂದು ಮದುವೆಯ ಕಥೆಯನ್ನು ಷಣ್ಮುಖಪ್ಪ ಮೊದಲ ಸಲ ಕೇಳಿದ್ದು ಆಗಲೇ.

"ಐದು ಜನ ಕೂರೋ ಕಾರು ಬೇಡ ಅಂದ್ರಂತೆ" ಎಂದ ಗಂಗಾಧರಪ್ಪ.

"ಹೌದು."

"ನಾಲ್ಕು ಜನ ಕೂರೋದೂ ಬೇಡ ಅಂದ್ರಂತೆ."

"ಹೌದು."

"ಹೆತ್ತ ತಾಯಿಗೂ ಜಾಗ ಇರಬಾರದು ಅಂದ್ರಂತೆ."

"ಹಾಗೆ ಅನ್ನಲಿಲ್ಲ. ಇರದಿದ್ರೆ ಒಳ್ಳೇದು ಅಂದುಕೊಂಡೆ, ಅಷ್ಟೇ."

"ಹಾಗಾದ್ರೆ ಆ ಎರಡನೇ ಸೀಟು ಯಾರಿಗೆ? ನಿಜ ಹೇಳಿ."

ಷಣ್ಮುಖಪ್ಪ ಪೆಟ್ರೋಲಿನ ಖರ್ಚಿನ ಬಗ್ಗೆ ಎರಡು ಮಾತು ಹೇಳಿದ. ರಸ್ತೆಯ ಗುಂಡಿಗಳ ಬಗ್ಗೆ ಹೇಳಿದ. ಮಾರಿಸ್ ಕಂಪನಿಯವರು ಬಳಸುವ ತೊಗಲಿನ ಗುಣವನ್ನು ಹೊಗಳಿದ. ಯಾರೂ ಅಲುಗಲಿಲ್ಲ. ಕೊನೆಗೆ ಅವನು ತನ್ನ ಎರಡು ಹೆಬ್ಬೆಟ್ಟುಗಳನ್ನು ನೋಡುತ್ತ ಹೇಳಿದ:

"ದಾಕ್ಷಾಯಣಿಗೆ."

ಹೆಂಡತಿಯ ಹೆಸರನ್ನು ಅವನು ನಾಲ್ಕು ಜನರ ಎದುರು ಹೇಳಿದ್ದು ಅದೇ ಮೊದಲು.

"ನನಗೆ ಅವಳ ಪಕ್ಕ ಕೂರಬೇಕು ಅಂತ ಆಸೆ ಆಯ್ತು. ಕೂತು ಎಲ್ಲಿಗಾದ್ರೂ ಹೋಗಬೇಕು ಅಂತ. ಬೇರೆ ಎಲ್ಲಿ ಕೂರೋದು ಅಂತ ತಿಳೀಲಿಲ್ಲ. ಜಾಗ ಜಾಸ್ತಿ ಇದ್ರೆ ಯಾರಾದ್ರೂ ಬಂದು ಮಧ್ಯೆ ಕೂತುಬಿಡ್ತಾರೆ. ಅದಕ್ಕೆ ಎರಡೇ ಸೀಟು."

ಒಬ್ಬ ಹಿರಿಯರು ಕೆಮ್ಮಿದರು. ಇನ್ನೊಬ್ಬರು ಎಲೆಯಡಿಕೆ ಚೀಲದಲ್ಲಿ ಏನನ್ನೋ ಬಹಳ ಹೊತ್ತು ಹುಡುಕಿದರು. ಕಿವಿ ಮಂದವಾಗಿದ್ದ ಮೂರನೆಯವರು, "ಯಾರ ಪಕ್ಕ ಅಂದ?" ಎಂದು ಕೇಳಿ, ಪಕ್ಕದವರು ಕಿವಿಯಲ್ಲಿ ಹೇಳಿದ ಮೇಲೆ, ಇಡೀ ಬೀದಿಗೆ ಕೇಳುವಂತೆ ಉದ್ಗರಿಸಿದರು: "ಸ್ವಂತ ಹೆಂಡ್ತಿ ಪಕ್ಕ ಕೂರೋಕೆ ಯಾರಾದ್ರೂ ಕಾರು ತಗೊಳ್ತಾರೇನ್ರೀ!"

ಗಂಗಾಧರಪ್ಪ ನಗಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತಿದ್ದ ತನ್ನ ಹೆಂಡತಿಯ ಕಡೆ ಒಮ್ಮೆ ನೋಡಿ, ಏನೋ ಹೊಳೆದವನಂತೆ ತಲೆ ತಗ್ಗಿಸಿದ.

ಒಳಗಿನಿಂದ ದಾಕ್ಷಾಯಣಿಯ ದನಿ ಬಂತು. "ಅಣ್ಣ, ನನ್ನ ಪೆಟ್ಟಿಗೆ ಹೊರಗೆ ಇಡಿಸು."

"ಊಟ ಮಾಡ್ಕೊಂಡು ಹೋಗೇ" ಎಂದಳು ಜಗದಾಂಬಾ.

"ಬೇಡ ಚಿಕ್ಕಮ್ಮ, ಹೊತ್ತಾಗುತ್ತೆ."

ಹೊತ್ತು ನೆತ್ತಿಯ ಮೇಲೆ ಇತ್ತು.

ಪೆಟ್ಟಿಗೆಯೂ ಕಲ್ಲಪ್ಪನೂ ಡಿಕ್ಕಿಯಲ್ಲಿ ಸೇರಿದರು. ದಾಕ್ಷಾಯಣಿ ಮುಂದೆ ಕೂತಳು. ಅವಳ ಸೆರಗು ಗೇರಿನ ಕೋಲಿಗೆ ತಾಗುತ್ತಿತ್ತು. ಷಣ್ಮುಖಪ್ಪ ಇಷ್ಟು ದಿನ ಹಂಬಲಿಸಿದ ಗಳಿಗೆ ಬಂದೇಬಿಟ್ಟಿತು. ಆದರೆ ಅದನ್ನು ಅನುಭವಿಸಲು ಅವನಿಗೆ ಪುರಸೊತ್ತಿರಲಿಲ್ಲ. ಎರಡು ಕೈ ಚಕ್ರದ ಮೇಲೆ, ಎರಡು ಕಣ್ಣು ದಾರಿಯ ಮೇಲೆ, ಎರಡು ಕಾಲು ಮೂರು ಪಟ್ಟಿಗಳ ಮೇಲೆ. ಪಕ್ಕದಲ್ಲಿರುವವಳು ಹೆಂಡತಿಯೋ ಹತ್ತಿಯ ಮೂಟೆಯೋ ತಿರುಗಿ ನೋಡುವಂತಿಲ್ಲ.

"ಏನ್ರೀ" ಎಂದಳು ದಾಕ್ಷಾಯಣಿ.

"ತಾಳು, ಎಮ್ಮೆ."

ಎಮ್ಮೆ ದಾಟಿತು. "ಏನ್ರೀ—"

"ಮೋರಿ, ಮೋರಿ!"

ಮೋರಿಯೂ ದಾಟಿತು. ಅವಳು ಮತ್ತೆ ಬಾಯಿ ತೆರೆದಳು. "ತಿರುವು!" ಎಂದು ಷಣ್ಮುಖಪ್ಪ ಚೀರಿದ. ಡಿಕ್ಕಿಯಿಂದ ಕಲ್ಲಪ್ಪನ ಶಿವನಾಮಸ್ಮರಣೆ ಕೇಳಿಸಿತು. ದಾಕ್ಷಾಯಣಿ ಬಾಯಿಗೆ ಸೆರಗು ಒತ್ತಿಕೊಂಡಳು.

ಇನ್ನೂ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರು ಎರಡು ಸಲ ಬಿಕ್ಕಿ, ಎರಡೂ ಕಡೆ ಗದ್ದೆಯಿದ್ದ ಒಂದು ಕಡೆ ತಾನಾಗಿ ನಿಂತಿತು. ಕಲ್ಲಪ್ಪ ಇಳಿದು ನೋಡಿದ. ಕಾರಿನದೇನೂ ತಪ್ಪಿರಲಿಲ್ಲ. ಹೊರಡುವ ಅವಸರದಲ್ಲಿ ಸಾಹುಕಾರರು ಪೆಟ್ರೋಲು ಹಾಕಿಸುವುದನ್ನೇ ಬಿಟ್ಟಿದ್ದರು. ಕಲ್ಲಪ್ಪ ಡಬ್ಬಿ ಹಿಡಿದು, ಶಿವಮೊಗ್ಗದ ಕಡೆ ಹೋಗುತ್ತಿದ್ದ ಎತ್ತಿನ ಗಾಡಿಯೊಂದನ್ನು ಹತ್ತಿ, "ಸಂಜೆಯೊಳಗೆ ಬರ್ತೀನಿ" ಎಂದು ಹೋದ. ಗಾಡಿಯ ಗೆಜ್ಜೆಯ ಸದ್ದು ಮರೆಯಾಯಿತು.

ಕಾರಿನಲ್ಲಿ ಇಬ್ಬರು. ಮಧ್ಯೆ ಯಾರೂ ಇಲ್ಲ. ಷಣ್ಮುಖಪ್ಪನ ಕೈ ಇನ್ನೂ ಚಕ್ರವನ್ನು ಬಿಟ್ಟಿರಲಿಲ್ಲ.

"ಏನೋ ಹೇಳೋಕೆ ಹೊರಟಿದ್ದೆಯಲ್ಲ, ಏನು?" ಎಂದ.

"ಪೆಟ್ರೋಲು ಹಾಕಿಸಿದೀರಾ ಅಂತ ಕೇಳೋಣ ಅಂತಿದ್ದೆ."

ಷಣ್ಮುಖಪ್ಪ ನಕ್ಕ. ದಾಕ್ಷಾಯಣಿಯೂ ನಕ್ಕಳು. ಅವಳು ನಗುವಾಗ ಭುಜ ಅಲುಗುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ಆ ಅಲುಗಾಟ ಅವನ ತೋಳಿಗೆ ತಾಗಿದಾಗ ತಿಳಿಯಿತು.

"ನಾನು ಇನ್ನೊಂದು ಮದುವೆ ಆಗ್ತೀನಿ ಅಂತ ನಂಬಿಬಿಟ್ಟೆಯಾ?"

"ನಲ್ಲಿ ಹತ್ರ ಕೇಳಿದಾಗ ನಂಬಿರಲಿಲ್ಲ. ನೀವು 'ನಿಧಾನವಾಗಿ ಬಾ' ಅಂದ್ರಲ್ಲ, ಆಗ ನಂಬಿದೆ." ಅವಳು ಗದ್ದೆಯ ಕಡೆ ನೋಡಿದಳು. "ದಿನಾ ಬಸ್ಸು ಬರೋ ಹೊತ್ತಿಗೆ ಜಗಲಿಗೆ ಬಂದು ನಿಂತ್ಕೊಳ್ತಿದ್ದೆ. ಬೈಯೋಕಾದ್ರೂ ಬರ್ತೀರೇನೋ ಅಂತ."

ಅವನು ಚಕ್ರದಿಂದ ಕೈ ತೆಗೆದ. "ಕಾರು ಯಾವ್ದು ಬೇಕು ಅಂತ ಅವತ್ತು ನಿನ್ನ ಕೇಳಿದ್ದೆ" ಎಂದ.

"ಅತ್ತೆ ಎದುರಿಗೆ ಕೇಳಿದ್ರೆ ಏನು ಹೇಳ್ಲಿ?"

"ಈಗ ಹೇಳು. ನಿನಗೆ ಎಲ್ಲಿಗೆ ಹೋಗಬೇಕು?"

"ಎಲ್ಲಿಗೂ ಬೇಡ." ಅವಳು ಮುಂದಿನ ದಾರಿ ನೋಡಿದಳು. "ದಾರಿ ಉದ್ದ ಇರ್ಬೇಕು, ಅಷ್ಟೇ."

ದಾರಿಯಲ್ಲಿ ಹೋಗುತ್ತಿದ್ದ ರೈತನೊಬ್ಬ ಎತ್ತು ನಿಲ್ಲಿಸಿ, "ಗಾಡಿ ಕೆಟ್ಟೋಯ್ತಾ ಸ್ವಾಮಿ? ತಳ್ಳಬೇಕಾ?" ಎಂದು ಕೇಳಿದ.

"ಇಲ್ಲಪ್ಪ, ಸರಿಯಾಗೇ ಇದೆ. ನೀನು ಹೋಗು" ಎಂದ ಷಣ್ಮುಖಪ್ಪ.

ಆಮೇಲೆ ಅವರು ಏನೇನು ಮಾತಾಡಿದರೆಂಬುದು ನಮಗೆ ಸಂಬಂಧಿಸಿದ್ದಲ್ಲ. ಬಿಸಿಲು ಇಳಿದು ಗದ್ದೆಯ ನೀರು ಕೆಂಪಾಗುವ ಹೊತ್ತಿಗೆ, ಇಷ್ಟು ಬೇಗ ಯಾಕೆ ಬಂದನೋ ಎನ್ನುವಂತೆ, ಕಲ್ಲಪ್ಪ ಡಬ್ಬಿ ಹಿಡಿದು ಬಂದ. ಪೆಟ್ರೋಲು ಹೊಯ್ದ. ಮುಚ್ಚಳ ಹಾಕಿ, ಕೈ ಒರೆಸಿಕೊಂಡು, ಇಷ್ಟು ದಿನದ ತನ್ನ ತಪಸ್ಸಿಗೆ ಫಲ ಬೇಡುವವನಂತೆ ಕಿಟಕಿಗೆ ಬಗ್ಗಿದ.

"ಸಾಹುಕಾರ್ರೆ, ಇನ್ನಾದ್ರೂ ಒಂದು ಮಾತು ಹೇಳಿ. ಈ ಮಾರಿಸ್ಸೇ ಖಾಯಂ ಮಾಡೋಣವಾ?"

ಷಣ್ಮುಖಪ್ಪ ಪಕ್ಕಕ್ಕೆ ತಿರುಗಿ ಹೆಂಡತಿಯ ಮುಖ ನೋಡಿದ. ದಾಕ್ಷಾಯಣಿ ಸೀಟಿನ ತೊಗಲಿನ ಮೇಲೆ ಅಂಗೈ ಆಡಿಸಿದಳು. ಬಾಗಿಲು ನೋಡಿದಳು, ಮುಂದಿನ ಗಾಜು ನೋಡಿದಳು. ಜವಳಿ ಅಂಗಡಿಗೆ ಬಂದ ಗಟ್ಟಿ ಗಿರಾಕಿಯ ಹಾಗೆ ನಿಧಾನವಾಗಿ ಹೇಳಿದಳು:

"ಅಷ್ಟು ಅವಸರ ಯಾಕಣ್ಣ? ಬೇರೆ ಕಂಪನಿಗಳದ್ದೂ ತನ್ನಿ. ಎಲ್ಲದರಲ್ಲೂ ಒಂದೊಂದು ಸಲ ಕೂತು, ದೂರ ಹೋಗಿ ಬಂದು ನೋಡ್ತೀವಿ. ಆಮೇಲೆ ಹೇಳ್ತೀವಿ."